ಶುಕ್ರವಾರ ನಾನು ಒತ್ತಿದ ಗುಂಡಿ

ನನ್ನ ನಾದಿನಿ, ಗಂಡ ತೀರಿಕೊಂಡ ಮೇಲೆ, ಸಿಂಧನೂರಿನ ನಮ್ಮ ಮನೆಗೆ ಬಂದು ಕಂಪ್ಯೂಟರ್ ಕಲಿತಳು. ತೊಂಬತ್ತರ ದಶಕದ ಕೊನೆಯ ಮಾತು. ಕಲಿಸಿದ ಅಂಗಡಿಯ ಮಾಲಕರೇ ಕೆಲಸವನ್ನೂ ಕೊಟ್ಟರು. ಯಾವ ಊರಿನ ನೆಲ್ಲು ಯಾವ ಗೋದಾಮಿನಲ್ಲಿದೆ ಎಂದು ಹೇಳುವ ಪ್ರೋಗ್ರಾಂ, ಒಂದು ಅಕ್ಕಿ ಗಿರಣಿಗೆ. ಗಿರಣಿಯವರು ಒಪ್ಪಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಅವಳು ಗುರುಗುಂಟಾದ ಅತ್ತೆಮನೆಗೆ, ಸೆಗಣಿ ಬಾಚಲು ಮರಳಬೇಕು. ನಮ್ಮದು ಎರಡು ಕೋಣೆಯ ಮನೆ. ಬಹಳ ದಿನ ಇಟ್ಟುಕೊಳ್ಳಲಾಗದೆಂದು ನಮ್ಮವರು ತಂಗಿಗೆ ಮೊದಲೇ ಹೇಳಿದ್ದರು.

ಗಿರಣಿಯ ಕೆಲಸಕ್ಕೆಂದೇ ಹೊಸ ಕಂಪ್ಯೂಟರ್ ಬಂತು. ಮಾಲಕರು ಅವಳ ಪ್ರೋಗ್ರಾಂ ಅದಕ್ಕೆ ಹಾಕಿ, ಶುಕ್ರವಾರ ಅಂಗಡಿಯಲ್ಲೇ ಪೂಜೆ ಇಟ್ಟರು. ಅವಳು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಳು. ಯಾರೂ ಒಳಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಮಾಲಕರು ಎಲ್ಲಕ್ಕೂ ಅಧಿಕಾರವಿರುವ ತಮ್ಮ ದೊಡ್ಡ ಪಾಸ್‌ವರ್ಡ್ ಹೊಡೆದು ನನ್ನ ಕಡೆ ತಿರುಗಿದರು. "ಅಕ್ಕಾರ, ಒಂದ್ ಗುಂಡಿ ಒತ್ರಿ. ಮುತ್ತೈದಿ ಕೈಲೆ ಸುರು ಆಗ್ಲಿ." ಒತ್ತಿದೆ. ಪರದೆಯ ಮೇಲೆ ಅಕ್ಷರ ಸರಸರನೆ ಓಡಿ ನಿಂತವು. ಬೆಲ್ಲ ಹಂಚಿದರು.

ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಅವಳ ಪ್ರೋಗ್ರಾಮಿನ ಪರೀಕ್ಷೆ ಮರುದಿನದಿಂದ ನಡೆಯಲಿಲ್ಲ. ಅದು ತಾನಾಗಿಯೇ ನಡೆಯುವ ಪರೀಕ್ಷೆ. ದಾಖಲೆಯೆಲ್ಲ ಪ್ರೋಗ್ರಾಂ ತನ್ನ ಜೊತೆಗೇ ಇಟ್ಟುಕೊಳ್ಳುವ ಒಂದು ಫೈಲಿನಲ್ಲಿರುತ್ತಿತ್ತು. ಪರೀಕ್ಷೆ ಹಳೆಯ ಫೈಲು ಅಳಿಸಿ, ಹೊಸದು ಮಾಡಿ, ಸುಳ್ಳುಸುಳ್ಳೇ ಹತ್ತು ಲಾರಿ ನೆಲ್ಲು ಇಳಿಸಿ, ಲೆಕ್ಕ ತಾಳೆಯಾಯಿತೋ ಇಲ್ಲವೋ ಹೇಳಬೇಕು. ಈಗ ಅಳಿಸಲು ಹೋದರೆ ಸಾಕು, ಪರ್ಮಿಷನ್ ಇಲ್ಲ ಎಂದು ನಿಂತುಬಿಡುತ್ತಿತ್ತು. ತಾನು ಬರೆದದ್ದೇ ತಪ್ಪು ಎಂದು ಅವಳು ಸಾಲು ಸಾಲು ತಿದ್ದಿದಳು.

ಮಧ್ಯಾಹ್ನ ನಾನು ರೊಟ್ಟಿ ಒಯ್ಯುತ್ತಿದ್ದೆ. ಮಾಲಕರು ನಗುತ್ತಿದ್ದರು. "ಏನವಾ, ನಿನ್ನ ಪ್ರೋಗ್ರಾಂ ಇನ್ನಾ ಹಟಾ ಹಿಡದೈತೇನು? ಸ್ವಲ್ಪ ಬೆಲ್ಲಾ ತಿನ್ನಿಸಿ ನೋಡು."

ಮೂರನೆಯ ದಿನ ಅವಳು ನನ್ನನ್ನೇ ಕೇಳಿದಳು. "ವೈನಿ, ಪೂಜಾದ ದಿನಾ ಒಳಗ ಮಷೀನಿಗೆ ಏನರ ಮಾಡಿದ್ರೇನ್ರಿ?"

"ಏನಿಲ್ಲವಾ. ಬರೇ ಕುಂಕುಮ ಹಚ್ಚಿದ್ವಿ."

ಅವಳ ಬದಲು ನನ್ನ ಕೈಯಲ್ಲಿ ಸುರು ಮಾಡಿಸಿದರು ಎನ್ನಲು ನಾಲಗೆ ಏಳಲಿಲ್ಲ. ದಿನಾ ದೇವರ ಮುಂದೆ ದೀಪ ಹಚ್ಚಿ, ಇವಳ ಕೆಲಸ ಆಗಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಗುಂಡಿ ಒತ್ತಿದ್ದನ್ನು ಮಾತ್ರ ಹೇಳಲಿಲ್ಲ.

ಒಂಬತ್ತನೆಯ ದಿನ ಅವಳು ಡಬ್ಬಿ ಬಿಚ್ಚಲೇ ಇಲ್ಲ. ಕಣ್ಣು ಕೆಂಪಾಗಿದ್ದವು. ನೋಡಲಾಗದೆ ಹೇಳಿಬಿಟ್ಟೆ. ಗುಂಡಿ ಒತ್ತಿದ್ದು, ಅಕ್ಷರ ಓಡಿದ್ದು, ಎಲ್ಲಾ. ಅವಳು ಕೀಲಿಮಣೆಯ ಮೇಲೆ ಏನೋ ಹೊಡೆದು ಫೈಲುಗಳ ಪಟ್ಟಿ ತೆಗೆದಳು.

"ಹಳೇ ಮಷೀನಿನ್ಯಾಗ ಇದು ಇದ್ದಿಲ್ರಿ. ಇದರಾಗ ಪ್ರತಿ ಫೈಲಿನ ಮುಂದ ಅದು ಯಾರದಂತ ಬರದಿರ್ತೈತಿ. ನೋಡ್ರಿ, ಶುಕ್ರವಾರದ್ದು. ಅವರ ಪಾಸ್‌ವರ್ಡಿನ್ಯಾಗ ಸುರು ಆಗಿದ್ದಕ್ಕ ಮಾಲಕರ ಹೆಸರಿಲೆ ಆಗೇತಿ. ಫೋಲ್ಡರೂ ಅವರದ. ನಾ ಹೆಂಗ ಅಳಸ್ಲಿ?"

ಮಾಲಕರು ಬಂದು ಪಾಸ್‌ವರ್ಡ್ ಹಾಕಿ ಎರಡನ್ನೂ ಅವಳ ಹೆಸರಿಗೆ ಮಾಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಪರೀಕ್ಷೆ ಕೊನೆಯತನಕ ನಡೆಯಿತು, ಹತ್ತೂ ಲಾರಿ ಸರಿ.

"ಇಷ್ಟಕ್ಕ ಒಂಬತ್ ದಿನಾ ಬೇಕಾತೇನವಾ?" ಎಂದರು. ಆಮೇಲೆ ದನಿ ಇಳಿಸಿ, "ಗಿರಣಿಯವ್ರು ಇನ್ನ ಕಾಯೂದಿಲ್ಲಂತ ನಿನ್ನೆನ ಲಿಂಗಸುಗೂರಿನ ಬ್ಯಾರೆ ಒಬ್ಬವಂಗ ಕೆಲಸಾ ಕೊಟ್ಟಾರ. ನಾ ಏನ್ ಮಾಡ್ಲಿ" ಎಂದರು.

ತಪ್ಪು ಅವಳದಲ್ಲ ಎನ್ನಲು ನಾನು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು ಹೊರಗೆ ನಡೆದಳು.

ಮುಂದಿನ ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಗುಂಡಿ ಒತ್ತಿದ್ರ ಹಿಂಗಾಗ್ತೈತಂತ ನಿಮಗೇನ್ ಗೊತ್ತಿತ್ರಿ, ವೈನಿ."

ಅದು ಖರೆ. ಫೈಲಿನ ಸಂಗತಿ ನನಗೆ ಗೊತ್ತಿರಲಿಲ್ಲ. ಅವಳು ಹೊರಗೆ ನಿಂತದ್ದು ಗೊತ್ತಿತ್ತು.

ಮಸ್ಕಿ ಮೇಲೆ ಹೋಗುವ ಬಸ್ಸು ಬಂತು. ತುಂಬಿತ್ತು, ಆದರೂ ಯಾರೋ ಪುಣ್ಯಾತ್ಮರು ಎದ್ದು ಅವಳಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಗುರುಗುಂಟಾದ ತನಕ ನಿಂತು ಹೋಗುವುದು ತಪ್ಪಿತು. ಆ ದಿನ ದೇವರು ಕೊಟ್ಟದ್ದು ಅಷ್ಟು.