ಡಿಶ್‌ವಾಶರ್‌ಗೆ ನೀರು ಹರಿಸಿದ್ದು ನಾನೇ

ಹೇಳಿಯೇ ಬಿಡುತ್ತೇನೆ. ದೂರದೇಶದ ಪುಚೊಂಗ್ ಎಂಬ ಊರಿನ ಆ ಫ್ಲ್ಯಾಟಿನಲ್ಲಿ ಡಿಶ್‌ವಾಶರ್ ರಿಪೇರಿ ಮಾಡಿದವಳು ನಾನು. ಮೆಕ್ಯಾನಿಕ್ ಅಲ್ಲ, ದೊಡ್ಡ ಇಂಜಿನಿಯರ್ ಅನ್ನಿಸಿಕೊಂಡ ನನ್ನ ಮಗನೂ ಅಲ್ಲ. ಜಂಬ ಅನ್ನುವವರು ಅನ್ನಲಿ. ಜಂಬವೇ!

ಹುಬ್ಬಳ್ಳಿಯ ಮನೆಯನ್ನು ಬಾಡಿಗೆಗೆ ಕೊಟ್ಟು, ಇನ್ನು ಮುಂದೆ ಇಲ್ಲೇ ಇರುವುದೆಂದು ಮಗ-ಸೊಸೆಯ ಹತ್ತಿರ ಬಂದಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಅರ್ಧ ಆಯುಷ್ಯ ನಿಂತೇ ಕಳೆದವಳು ನಾನು. ಇಲ್ಲಿ ಬಂದರೆ, ಏನು ಮುಟ್ಟಿದರೂ ಸೊಸೆಯದು ಒಂದೇ ಮಾತು: "ಬಿಡಿ ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ." ಸೊಪ್ಪು ಬಿಡಿಸಲು ಹೋದರೆ ಕೂತ್ಕೊಳ್ಳಿ, ಬಟ್ಟೆ ಮಡಚಲು ಹೋದರೆ ಕೂತ್ಕೊಳ್ಳಿ. ಬೆಂಗಳೂರಿನ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಳು. ಆದರೆ ಕೂರಿಸಿ ಉಪಚಾರ ಮಾಡುವುದು ನೆಂಟರಿಗಲ್ಲವೇ? ನನ್ನ ಮಗನ ಮನೆಯಲ್ಲೇ ನಾನು ಕೊನೆಯತನಕ ನೆಂಟಳಾಗಿ ಉಳಿದುಬಿಡುತ್ತೇನೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಆ ವಾರ ಬಡಾವಣೆಗೆಲ್ಲ ನೀರು ನಿಂತುಹೋಗಿತ್ತು. ಮತ್ತೆ ಬಂದಾಗ ನಲ್ಲಿಯಲ್ಲಿ ಚಹಾದ ಬಣ್ಣದ ನೀರು. ಅದು ತಿಳಿಯಾದ ಮೇಲೆ ಸೊಸೆ ಡಿಶ್‌ವಾಶರ್ ಹಾಕಿದಳು. ಯಂತ್ರ ಗುಂಯ್ ಎಂದಿತು, ಒಳಗೆ ಹನಿ ನೀರು ಬರಲಿಲ್ಲ. ನಲ್ಲಿಯ ಚಿತ್ರವಿದ್ದ ಕೆಂಪು ದೀಪವೊಂದು ಮಿಣಮಿಣ ಅನ್ನತೊಡಗಿತು. ಮುಸುರೆ ಪಾತ್ರೆಗಳೆಲ್ಲ ಒಳಗೇ ಇದ್ದವು. ಸೈಬರ್‌ಜಯಾದ ಆಫೀಸಿನಲ್ಲಿದ್ದ ಮಗನಿಗೆ ಅವಳು ಫೋನ್ ಮಾಡಿದಳು. ಅವನು ವಿಚಾರಿಸಿ ತಿರುಗಿ ಮಾಡಿದಾಗ ಸ್ಪೀಕರ್ ಹಾಕಿದಳು.

"ಮೆಕ್ಯಾನಿಕ್ ಗುರುವಾರ ಬರ್ತಾನಂತೆ. ಅಲ್ಲೀತನಕ ಊಟ ಹೊರಗಡೆಯಿಂದ ಕಟ್ಟಿಸ್ಕೊಂಡು ತಪಾವ್ ಮಾಡೋಣ, ಪಾತ್ರೆ ತಾಪತ್ರಯನೇ ಬೇಡ" ಎಂದ ಮಹಾನುಭಾವ.

"ತಡೀವಾ, ನಾ ಒಂದ್ಸಲ ನೋಡ್ತೀನಿ" ಎಂದೆ ನಾನು.

"ಅಯ್ಯೋ ಅತ್ತೆ, ಅದೆಲ್ಲ ಟೆಕ್ನಿಕಲ್ಲು. ನೀವು ಕೂತ್ಕೊಳ್ಳಿ" ಎಂದು ಸೊಸೆ ಆನ್‌ಲೈನ್ ಮೀಟಿಂಗಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಟೆಕ್ನಿಕಲ್ಲಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮೊದಲು ಪ್ಲಗ್ ಕಿತ್ತೆ. ಸಿಂಕಿನ ಕೆಳಗಿನ ವಾಲ್ವ್ ಬಂದ್ ಮಾಡಿದೆ. ಯಂತ್ರವನ್ನು ಈ ಮಗ್ಗುಲು ಆ ಮಗ್ಗುಲು ಅಲುಗಿಸುತ್ತ ಮುಂದಕ್ಕೆ ಎಳೆದು, ಅದರ ಬೆನ್ನಿಗೆ ಸೇರಿದ್ದ ನೀರಿನ ಪೈಪು ಬಿಚ್ಚಿ ತುದಿಯನ್ನು ಬಕೆಟ್ಟಿಗೆ ಹಿಡಿದು ವಾಲ್ವ್ ತಿರುಗಿಸಿದೆ. ನೀರು ಭರ್ರೆಂದು ಬಂತು, ಮತ್ತೆ ಬಂದ್ ಮಾಡಿದೆ. ಅಂದರೆ ಪೈಪಿನಲ್ಲಿ ದೋಷವಿಲ್ಲ, ತಡೆ ಇರುವುದು ಯಂತ್ರದ ಬಾಯಲ್ಲೇ.

ವಾರಕ್ಕೊಮ್ಮೆ ಬರುವ ನೀರಿಗೆ ಹುಬ್ಬಳ್ಳಿಯಲ್ಲಿ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ಹಿಡಿದವಳು ನಾನು. ಆ ಬಟ್ಟೆಯಲ್ಲಿ ಎಷ್ಟು ರಾಡಿ ನಿಲ್ಲುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ನಾಜೂಕಿನ ಯಂತ್ರ ಮಾಡಿದ ಪುಣ್ಯಾತ್ಮ ಅದರ ಬಾಯಿಗೂ ಒಂದು ಬಟ್ಟೆ ಕಟ್ಟಿರಲೇಬೇಕಲ್ಲ! ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆ. ಕಟ್ಟಿದ್ದ. ಬಟ್ಟೆಯ ಬದಲು ಒಂದು ಪುಟ್ಟ ಜಾಲರಿ. ಅದರ ಮೇಲೆ ಕೆಂಪು ಕೆಸರು ಮೆತ್ತಿಕೊಂಡು ಒಂದು ತೂತೂ ಕಾಣುತ್ತಿರಲಿಲ್ಲ.

ಇಕ್ಕಳದಿಂದ ಮೆಲ್ಲಗೆ ಹಿಡಿದು ಎಳೆದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ನಲ್ಲಿಯ ಕೆಳಗೆ ತಿಕ್ಕಿದೆ. ಬೆಳಕಿಗೆ ಹಿಡಿದರೆ ಈಗ ಆಚೆಯ ಕಿಟಕಿ ಕಾಣುತ್ತಿತ್ತು. ಜಾಲರಿ ಕೂರಿಸಿ, ಪೈಪು ತಿರುಗಿಸಿ ಬಿಗಿ ಮಾಡಿ, ದೊಡ್ಡ ಸಾಧನೆ ಮಾಡಿದವಳಂತೆ ವಾಲ್ವ್ ತೆಗೆದೆನೋ ಇಲ್ಲವೋ, ನೀರು ಚಿಮ್ಮಿ ನನ್ನ ಮುಖಕ್ಕೇ ಹೊಡೆಯಿತು! ಜೋಡಣೆಯ ರಬ್ಬರ್ ಬಳೆ ಹಾಕುವುದನ್ನೇ ಮರೆತಿದ್ದೆ. ಅದು ಬಕೆಟ್ಟಿನ ತಳದಲ್ಲಿ ಕೂತು ನನ್ನ ಮೋರೆ ನೋಡುತ್ತಿತ್ತು. ಎಲಾ ಇದರ! ಬಂದ್ ಮಾಡಿ, ಬಿಚ್ಚಿ, ಬಳೆ ಹಾಕಿ ಮತ್ತೆ ಬಿಗಿದೆ. ಈ ಸಲ ಹನಿಯೂ ಸೋರಲಿಲ್ಲ. ಪ್ಲಗ್ ಹಾಕಿ ಬಟನ್ ಒತ್ತಿದೆ. ಯಂತ್ರದ ಹೊಟ್ಟೆಯೊಳಗೆ ನೀರು ಸರಸರ ಇಳಿಯುವ ಸದ್ದು ಕೇಳಿತು. ಕೆಂಪು ದೀಪ ಆರಿತು. ಒಬ್ಬಳೇ ನಿಂತು ಚಪ್ಪಾಳೆ ಹೊಡೆದೆ, ಸುಳ್ಳು ಯಾಕೆ ಹೇಳಲಿ.

ಸದ್ದಿಗೆ ಸೊಸೆ ಹೊರಗೆ ಬಂದಳು. ಯಂತ್ರ ನೋಡಿದಳು, ತೊಯ್ದು ತೊಪ್ಪೆಯಾದ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಇನ್ನೇನು, ಥ್ಯಾಂಕ್ಸ್ ಹೇಳಿ ಮತ್ತೆ ಸೋಫಾಕ್ಕೆ ಕಳಿಸುತ್ತಾಳೆ ಅಂದುಕೊಂಡೆ.

"ಅತ್ತೇ! ಅಡುಗೆಮನೆನೆಲ್ಲ ಕೆರೆ ಮಾಡಿಟ್ಟಿದ್ದೀರಲ್ಲ! ನಂಗೆ ಮೀಟಿಂಗ್ ಇನ್ನೂ ಮುಗಿದಿಲ್ಲ. ಮಾಪ್ ಬಾಲ್ಕನೀಲಿದೆ, ನೀವೇ ಒರೆಸಿ. ಹಾಗೇ ಅನ್ನಕ್ಕೂ ಇಟ್ಬಿಡಿ."

ದಡಾರನೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಫೋನಿನಲ್ಲಿ ಗಂಡನಿಗೆ, ಆ ಊರಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ, ಹೇಳುವುದು ಕೇಳಿಸಿತು: "ಮೆಕ್ಯಾನಿಕ್ ಕ್ಯಾನ್ಸಲ್ ಮಾಡಿ ಲಾ. ಅತ್ತೆ ಸರಿಮಾಡಿದ್ರು!"

ಆ ಮನೆಯಲ್ಲಿ ಯಾರಾದರೂ ನನ್ನ ಮೇಲೆ ರೇಗಿದ್ದು ಅದೇ ಮೊದಲು. ನೆಂಟರ ಕೈಯಲ್ಲಿ ಯಾರೂ ನೆಲ ಒರೆಸಿಸುವುದಿಲ್ಲ. ಬಾಲ್ಕನಿಯಿಂದ ಮಾಪ್ ತಂದು ಒಂದು ಮೂಲೆಯನ್ನೂ ಬಿಡದೆ ಒರೆಸಿದೆ.