ದೈತ್ಯನ ಕಣ್ಣಿನ ಹಿಂದೆ ಎರ್ಸಿಲಿಯ

ಬೆಟ್ಟದ ಹಿಂದೆ ಈಗಷ್ಟೇ ಬೆಳಕು ಮೂಡುತ್ತಿದೆ. ಬಂದರಿನ ಪಕ್ಕದ ಶೆಡ್ಡಿನಲ್ಲಿ ಎರ್ಸಿಲಿಯ ಬರ್ತೊಚ್ಚಿ ಏಣಿ ಹತ್ತಿ ನಿಂತು, ಕಾಗದದ ದೈತ್ಯನ ಕೆಳತುಟಿಗೆ ಬಿಸಿ ಅಂಟು ಬಳಿಯುತ್ತಿದ್ದಾರೆ. ಹಿಟ್ಟು ಕುದಿಸಿ ಮಾಡಿದ ಅಂಟು, ಅದರ ಮೇಲೆ ಹಳೇ ಪತ್ರಿಕೆಯ ಚೂರು, ಮತ್ತೆ ಅಂಟು. ಸಮುದ್ರದ ತೇವಕ್ಕೆ ತುಟಿ ಕಿತ್ತು ಬಂದಿದೆ. ಇವತ್ತೇ ಕಾರ್ನಿವಲ್ಲಿನ ಮೊದಲ ಮೆರವಣಿಗೆ.

“ಮಧ್ಯಾಹ್ನದೊಳಗೆ ಒಣಗದಿದ್ರೆ ಇವನು ಜೊಲ್ಲು ಸುರಿಸ್ಕೊಂಡೇ ಬೀದಿಗೆ ಬರ್ತಾನೆ” ಎಂದು ಗೊಣಗುತ್ತಾರೆ.

ಮೆರವಣಿಗೆಯ ಬಂಡಿ ಮೇಲೆ ನಿಲ್ಲಿಸಿದ, ಮೂರು ಅಂತಸ್ತಿನಷ್ಟು ಎತ್ತರದ ಈ ದೈತ್ಯನ ತಲೆಯೊಳಗೆ ಒಂದು ಹಲಗೆ ಇದೆ. ಮೆರವಣಿಗೆಯುದ್ದಕ್ಕೂ ಎರ್ಸಿಲಿಯ ಅದರ ಮೇಲೆ ಕೂತು, ಹಗ್ಗ ಎಳೆದು ಅವನ ಕಣ್ಣು, ದವಡೆ ಆಡಿಸುತ್ತಾರೆ. ಹೊರಗಿನವರಿಗೆ ಅವರ ಬೆರಳ ತುದಿಯೂ ಕಾಣದು. ದೈತ್ಯ ಮುಂದೆ ಚಾಚಿದ ಅಂಗೈ ಮೇಲೆ ಮಾತ್ರ, ಗರಿಗಳ ಕಿರೀಟ ತೊಟ್ಟು, ಊರಿಗೆಲ್ಲ ಗಾಳಿಯಲ್ಲೇ ಮುತ್ತು ಕೊಡುತ್ತ ಕಾರ್ನಿವಲ್ಲಿನ ರಾಣಿ ನಿಂತಿರುತ್ತಾಳೆ. ಅವಳು ಎರ್ಸಿಲಿಯರ ತಂಗಿ ನಿವೆಸ್.

ಅಪ್ಪ ದೋಣಿ ರಿಪೇರಿಯವನು, ಚಳಿಗಾಲದಲ್ಲಿ ಕಾರ್ನಿವಲ್ ಬಂಡಿ ಕಟ್ಟುತ್ತಿದ್ದ. ಹುಡುಗಿಯರಿಬ್ಬರನ್ನೂ ಮೊದಲ ಸಲ ಬಂಡಿಗೆ ಹತ್ತಿಸಿದ ದಿನ ಅವನು ಹೇಳಿದ ಮಾತು ಎರ್ಸಿಲಿಯರಿಗೆ ಇನ್ನೂ ಕಿವಿಯಲ್ಲಿದೆ: “ನೀನು ಗಟ್ಟಿಗಿತ್ತಿ, ಒಳಗೆ ಕೂತ್ಕೊ. ಅವಳು ಚೆಂದ ಇದಾಳೆ, ಹೊರಗೆ ನಿಲ್ಲಲಿ.”

“ಅಪ್ಪ ಹೊಗಳಿದ ಅಂತಾನೇ ಅಂದ್ಕೊಂಡಿದ್ದೆ” ಎನ್ನುತ್ತಾರೆ ಎರ್ಸಿಲಿಯ. “ಅರ್ಥ ಆಗೋಕೆ ವರ್ಷಗಳೇ ಬೇಕಾಯ್ತು. ಆಮೇಲೆ ಶುರುವಾದ ಹೊಟ್ಟೆಕಿಚ್ಚು ನೋಡಿ, ಇವತ್ತಿಗೂ ಆರಿಲ್ಲ. ಸುಳ್ಳು ಯಾಕೆ ಹೇಳ್ಲಿ?”

ವರ್ಷವಿಡೀ ಅವರದು ಮೀನಿನಂಗಡಿಯಲ್ಲಿ ಮೀನು ಸೀಳುವ ಕೆಲಸ. ಕೊಳ್ಳಲು ಬಂದವರು ಮೀನಿನ ಬೆಲೆ ಬಿಟ್ಟು ಕೇಳುವುದು “ರಾಣಿ ಹೇಗಿದಾರೆ?” ಎಂದು. “ಹೊಟ್ಟೆ ತುಂಬ ಉಂಡು ಮಲಗಿದಾಳೆ” ಎಂದು ಇವರು ಚಾಕು ಜೋರಾಗಿ ಕುಕ್ಕುತ್ತಾರೆ. ಅಂಟಿನ ಬಿಸಿಗೆ, ಮೀನಿನ ಮುಳ್ಳಿಗೆ ಬೆರಳುಗಳು ಒರಟಾಗಿವೆ. ಹಲಗೆಯ ಮೇಲೆ ಕೂತು ಕೂತು ಬೆನ್ನು ಹಿಡಿದುಕೊಂಡಿದೆ.

ಹೋದ ವರ್ಷ ಆ ಕಿಚ್ಚು ಹೊರಗೆ ಬಂತು. ತೀರ್ಪುಗಾರರ ಅಟ್ಟಣಿಗೆಯ ಮುಂದೆ ಬಂಡಿ ನಿಂತಾಗ ಎರ್ಸಿಲಿಯ ಬೇಕೆಂದೇ ಬಲಗಣ್ಣಿನ ರೆಪ್ಪೆ ಮುಚ್ಚಿ ಹಗ್ಗ ಬಿಗಿಹಿಡಿದರು. ಕಣ್ಣು ಕೆಟ್ಟ ದೈತ್ಯನ ಅಂಗೈ ಮೇಲೆ ತಂಗಿ ನಗೆಪಾಟಲಾಗಲಿ ಎಂದು. ಆದರೆ ಮನಸ್ಸು ತಡೆಯಲಿಲ್ಲ. ತಾವೇ ಅಂಟಿಸಿ ನಿಲ್ಲಿಸಿದ ಮುಖ ಅದು. ಥಟ್ಟನೆ ಹಗ್ಗ ಬಿಟ್ಟರು. ರೆಪ್ಪೆ ಮೇಲಕ್ಕೆ ಹಾರಿತು.

ಬೀದಿಯಲ್ಲಿ ಹೋ ಎಂದು ಕೂಗೆದ್ದಿತು. “ರಾಣಿಗೆ ಕಣ್ಣು ಹೊಡೆದ!” ನಿವೆಸ್ ನಾಚಿದವಳಂತೆ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ಮೊದಲ ಬಹುಮಾನ ಅವರ ಬಂಡಿಗೇ ಬಂತು. ಮರುದಿನದ ಪತ್ರಿಕೆಯಲ್ಲಿ ನಿವೆಸ್ ಚಿತ್ರ, ಕೆಳಗೆ ‘ದೈತ್ಯನ ಮನಗೆದ್ದ ಚೆಲುವೆ’.

“ಕಣ್ಣು ಹೊಡೆದೋಳು ನಾನು, ಮನ ಗೆದ್ದೋಳು ಅವಳು!” ಎರ್ಸಿಲಿಯ ಅಂಟಿನ ಬ್ರಶ್ಶನ್ನು ಬಕೆಟ್ಟಿಗೆ ಎಸೆಯುತ್ತಾರೆ.

ಅಷ್ಟರಲ್ಲಿ ಸಕ್ಕರೆ ಉದುರಿಸಿದ ಕರಿದ ತಿಂಡಿಯ ಪೊಟ್ಟಣ ಹಿಡಿದು ನಿವೆಸ್ ಬರುತ್ತಾಳೆ. ಅರ್ಧ ಬಣ್ಣ ಹಚ್ಚಿದ ಮುಖ, ಕೂದಲಿಗೆ ಸುರುಳಿ ಕ್ಲಿಪ್ಪು.

“ತಿನ್ನು ಅಕ್ಕ, ಬಿಸಿ ಇದೆ. ಹೋದ ವರ್ಷ ನನ್ನ ಮಾನ ಕಳೀಬೇಕು ಅಂತಾನೇ ನೀನು ಇವನ ಕಣ್ಣು ಮುಚ್ಚಿಸಿದ್ದು, ಅಲ್ವಾ?”

ಎರ್ಸಿಲಿಯ ಏಣಿಯಿಂದ ಕೆಳಗಿಳಿಯುವುದಿಲ್ಲ. “ಹೌದು.”

“ಅವತ್ತೇ ಗೊತ್ತಾಯ್ತು. ನಿನ್ನ ಕೈಲಿ ಹಗ್ಗ ತಪ್ಪೋದೇ ಇಲ್ಲ.” ನಿವೆಸ್ ತಾನೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾಳೆ. “ಇರ್ಲಿ ಬಿಡು. ಈ ಸಲ ಎಡಗಣ್ಣು ಹೊಡಿ. ಆ ಕಡೆಯಿಂದ ನನ್ನ ಮುಖ ಚೆನ್ನಾಗಿ ಕಾಣುತ್ತೆ.”

“ಹೊಡೆಯೋದು ಬಲಗಣ್ಣೇ. ಬೇಕಾದ್ರೆ ನೀನೇ ತಿರುಗಿ ನಿಂತ್ಕೊ.”

ನಿವೆಸ್ ಬಾಯ್ತುಂಬ ನಗುತ್ತಾಳೆ. ಎರ್ಸಿಲಿಯ ನಗುವುದಿಲ್ಲ. ಆದರೆ ಏಣಿ ಇಳಿದು ಪೊಟ್ಟಣಕ್ಕೆ ಕೈ ಹಾಕುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿದೆ. ಬೀದಿಯಲ್ಲಿ ಬ್ಯಾಂಡು ಶುರುವಾಗಿದೆ. ದೈತ್ಯನ ಕತ್ತಿನ ಕಿಂಡಿಯೊಳಗೆ ತೂರುವ ಮುನ್ನ, ನಿಮಗೇನು ಆಸೆ ಎಂದು ಕೇಳಿದರೆ ಎರ್ಸಿಲಿಯ ಹೇಳುತ್ತಾರೆ:

“ಕಿರೀಟ ಬೇಡ ನನಗೆ. ಒಂದೇ ಒಂದು ವರ್ಷ ಬೀದೀಲಿ ನಿಂತು ನೋಡ್ಬೇಕು. ಇವನು ನನಗೆ ಕಣ್ಣು ಹೊಡೀಬೇಕು. ಒಳಗೆ ಬೆವರು ಸುರಿಸ್ಕೊಂಡು ಹಗ್ಗ ಎಳೆಯೋಳು ಮಾತ್ರ ನಿವೆಸ್ ಆಗಿರ್ಬೇಕು.”