ಇರಾನಿನವರನ್ನು ಕೇಳಿದ ಅಕ್ಕ

ಅವರ ಬಲಗೈಯ ಕಿರುಬೆರಳಿನ ಅಂಚು ಸದಾ ನೀಲಿ; ಬಲದಿಂದ ಎಡಕ್ಕೆ ಪರ್ಷಿಯನ್ ಬರೆಯುವಾಗ ಹಸಿ ಶಾಯಿ ತಾಗುತ್ತಿತ್ತು. ಲಾಕ್‌ಡೌನಿನಲ್ಲಿ ಐರ್ಲೆಂಡಿನ ಲಿಮೆರಿಕ್‌ನ ಬಾಡಿಗೆ ಮನೆಯಲ್ಲಿ ನನ್ನೊಡನಿದ್ದ ಮೈಸೂರಿನ ಈ ಅಕ್ಕ, ಬ್ರಿಟನ್ ಮತ್ತು ರಷ್ಯಾ ಇರಾನನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡ 1907ರ ಒಪ್ಪಂದದ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು.

ಅಡುಗೆಮನೆಯಲ್ಲೂ ಅದೇ ಮಾತು: "ಇರಾನಿನವರನ್ನ ಯಾರಾದ್ರೂ ಕೇಳಿದ್ರೇನೇ?"

"ನೀವೇ ಕೇಳಿ ಅಕ್ಕ, ಸಾರು ಉಕ್ತಿದೆ!"

ಕೊನೆಯ ಮೌಖಿಕ ಪರೀಕ್ಷೆ ಜೂಮ್‌ನಲ್ಲಿ ನಡೆಯಿತು. ಫೇಲಾದರೆ ವೀಸಾ ಮುಗಿಯುತ್ತಿತ್ತು. "ಒಪ್ಪಂದದಿಂದ ಎರಡು ಸಾಮ್ರಾಜ್ಯಗಳ ಜಗಳ ನಿಂತಿತಲ್ಲ?" ಎಂದರು ಪರೀಕ್ಷಕರು. ಅಕ್ಕ ಆ ಕಾಲದ ತೆಹರಾನ್ ಪತ್ರಿಕೆಯೊಂದರಲ್ಲಿ, ನಮ್ಮನ್ನು ಕೇಳದೆಯೇ ನಮ್ಮ ದೇಶ ಹಂಚಿಕೊಂಡರೆಂಬ ಸಿಟ್ಟಿನ ಲೇಖನವನ್ನು ಪರ್ಷಿಯನ್‌ನಲ್ಲೇ ಓದಿ, ಅರ್ಥ ಹೇಳಿದರು.

"ಇದನ್ನು ನಾವು ಓದಿರಲಿಲ್ಲ. ಅಭಿನಂದನೆಗಳು, ಡಾಕ್ಟರ್."

ಮರುದಿನ ಬೆಳಿಗ್ಗೆ ಅವರು ಶಾನನ್ ನದಿಯ ದಂಡೆಗೆ ಹೋಗಿ, ಎದುರಾದ ಅಪರಿಚಿತರಿಗೆಲ್ಲ ದೂರದಿಂದಲೇ ಕೂಗಿ ಸುದ್ದಿ ಹೇಳಿದರು.